ಅಮ್ಮನ ಮುಖ ಮುಚ್ಚು

ಬಾಯಿ ತೆರೆದೇ ಇದೆ, ಅಮ್ಮನ ಬಾಯಿ, ಮೇಲಿನ ಸಾಲಿನಲ್ಲಿ ಒಂದು ಹಲ್ಲಿಲ್ಲದ ಸಂದಿ, ಅದರ ಮೇಲೆ ಆ ದರಿದ್ರ ಬಿಳಿ ಉಂಗುರ ಸುತ್ತುತ್ತಿದೆ, ಸುತ್ತುತ್ತಲೇ ಇದೆ — ಈಗ ಬರುತ್ತದೆ, ಈಗ ಮಾತು ಬರುತ್ತದೆ ಅಂತ ನಸ್ಸೂನಾ ಫೋನಿನ ಮುಂದೆ ಕೂತಿದ್ದಾಳೆ, ಮಡಿಲಲ್ಲಿ ಮಗು ನಂತೊಂಗೊ, ಹಸಿ ಬಾಣಂತಿಯ ಸೊಂಟ ಬಿದ್ದುಹೋಗುತ್ತಿದೆ, ಮೇಜಿನ ಮೇಲೆ ಗಂಡ ಸೆಬುಲಿಬ ತಿಂದು ಬಿಟ್ಟ ಮೊಟ್ಟೆ ಚಪಾತಿಯ ಎಣ್ಣೆ ಕಾಗದ, ಅದರ ಮೇಲೊಂದು ನೊಣ, ಥೂ, ತಿಂದದ್ದನ್ನು ಎತ್ತಿ ಬಿಸಾಡಲೂ ಬಾರದ ಮನುಷ್ಯ. ಅಲ್ಲಿ ಮಸಾಕದ ಆಸ್ಪತ್ರೆಯಲ್ಲಿ ಅಮ್ಮ, ಗಂಟಲಲ್ಲಿ ಗಡ್ಡೆ, ಇವತ್ತು ಕೊಯ್ಯುತ್ತಾರೆ, ಜೀವಕ್ಕೆ ಭಯವಿಲ್ಲ, ಆದರೆ ದನಿ ಉಳಿಯುವುದಿಲ್ಲ ಎಂದು ಡಾಕ್ಟರು ಮೊದಲೇ ಹೇಳಿಬಿಟ್ಟಿದ್ದಾರೆ, ಅದಕ್ಕೇ ಅಮ್ಮ ಅಂದಿದ್ದು, ದನಿ ಇರೋವಾಗ್ಲೇ ಒಂದ್ಸಲ ಮಗೂನ ಹೆಸರು ಹಿಡಿದು ಕರೀತೀನಿ ಕಣೇ, ಅದರ ಕಿವಿಗೆ ಬೀಳ್ಲಿ, ಆಮೇಲೆ ಏನ್ ಬೇಕಾದ್ರೂ ಕತ್ತರಿಸ್ಕೊಳ್ಳಿ. ಇಲ್ಲಿಗೇ ಬಂದು ಕರೆಯೋಣವೆಂದರೆ ಇವರಲ್ಲಿ ಅತ್ತೆಯಾದವಳು ಅಳಿಯನ ಮನೆಯ ಹೊಸಿಲು ತುಳಿಯುವುದುಂಟೇ, ಅತ್ತೆ ಅಳಿಯ ಮುಖ ಮುಖ ನೋಡಿದರೆ ಕೈ ನಡುಗುವ ರೋಗ ಬರುತ್ತದೆ, ಹುಟ್ಟಿದಾಗಿನಿಂದ ಕೇಳಿದ ಮಾತು, ಹುಡುಗನ ಕಡೆಯವರು ಹೆಣ್ಣು ಕೇಳಲು ಬಂದ ದಿನವೂ ಅಮ್ಮ ಮನೆಯ ಹಿಂದಿನ ಬಾಳೆಯ ಮರೆಯಲ್ಲೇ ನಿಂತಿದ್ದಳು. ಮಗುವನ್ನು ಹೊತ್ತು ಮಸಾಕಕ್ಕೆ ಹೋಗುವಷ್ಟು ಇವಳ ಮೈ ಗಟ್ಟಿಯಾಗಿಲ್ಲ. ಉಳಿದದ್ದು ಈ ಫೋನೊಂದೇ, ಅದರಲ್ಲೂ ಅಮ್ಮ ಬಾಯಿ ತೆರೆದು ಹಾಗೇ ನಿಂತುಬಿಟ್ಟಿದ್ದಾಳೆ.

ಗೋಡೆಯ ಮೇಲೆ ರೂಟರಿನ ದೀಪ ಹುಚ್ಚು ಹಿಡಿದಂತೆ ಮಿಟುಕುತ್ತಿದೆ, ಒಳಕೋಣೆಯಿಂದ ಕಂಪ್ಯೂಟರಿನ ಗುರ್ ಗುರ್ — ತೆಗೆದಿದ್ದಾನೆ, ನೆಟ್ಟಿಗೆ ಇವಳು ಹಾಕಿಟ್ಟ ಮಿತಿ ತೆಗೆದಿದ್ದಾನೆ, ನಿನ್ನೆ ಬಾಯಿ ತುಂಬ ಬೇಯಿಸಿದ ಬಾಳೆಕಾಯಿಯ ಮತೋಕೆ ತುಂಬಿಕೊಂಡು, ಆಯ್ತು ನಂತೊಂಗೊ ಅಮ್ಮ, ನಾಳೆ ಅದನ್ನ ಮುಟ್ಟಲ್ಲ ಅಂದವನು, ಆ ಬಾಯಿಂದಲೇ ಕಡಲೆಕಾಯಿ ಸಾರು ಗಡ್ಡಕ್ಕೆ ಇಳಿಯುತ್ತಿತ್ತು, ಅದನ್ನು ನೋಡುತ್ತ ಇವಳು ನಂಬಿದಳು. ಸೆಬುಲಿಬನ ಅನ್ನ ಅದರಲ್ಲೇ ಇದೆ, ಇಲ್ಲವೆನ್ನುವುದಿಲ್ಲ, ಟೊರೆಂಟಿನಲ್ಲಿ ದೇಶವಿದೇಶದ ಸಿನಿಮಾ ಇಳಿಸಿಕೊಂಡು, ಪರದೆಯವರು ಏನೇ ಆಡಲಿ, ಮೇಲಿಂದ ಲುಗಾಂಡ ಭಾಷೆಯಲ್ಲಿ ತನಗೆ ತೋಚಿದ್ದನ್ನು ಆಡಿ ನತೇತೆ ಪೇಟೆಯ ವಿಡಿಯೊ ಹಾಲಿಗೆ ಕೊಡುತ್ತಾನೆ, ಮುದುಕಿಯ ದನಿ, ಪೊಲೀಸಿನವನ ದನಿ, ಎಲ್ಲ ಅವನದೇ, ಜನ ಬಿದ್ದು ಬಿದ್ದು ನಗುತ್ತಾರೆ, ಒಂದು ಕಾಲಕ್ಕೆ ಇವಳೂ ಆ ಬೆಂಚಿನ ಮೇಲೆ ಕೂತು ನಕ್ಕಿದ್ದಳು, ನಕ್ಕೇ ಮರುಳಾದಳು, ಈಗ ನೆನೆದರೆ ಹುಳಿತೇಗು ಬರುತ್ತದೆ. ನೆಟ್ ಯಾಕೆ ತೆವಳುತ್ತದೆ ಎಂದು ಕಂಡುಹಿಡಿದವಳೂ ಇವಳೇ. ಇಳಿಸೋ ವೇಗ ಕಮ್ಮಿ ಮಾಡಿದೀನಲ್ಲ, ಇನ್ನೇನು ಎನ್ನುತ್ತಿದ್ದ ಅವನು — ಇಳಿಸುವುದರಲ್ಲಿಲ್ಲ ತೊಂದರೆ, ಏರಿಸುವುದರಲ್ಲಿದೆ, ಟೊರೆಂಟು ಊರವರಿಂದ ತೆಗೆದುಕೊಳ್ಳುತ್ತಲೇ ಊರವರಿಗೆ ಕೊಡುತ್ತಲೂ ಇರುತ್ತದೆ, ಇಳಿಯುವ ದಾರಿ ಅಗಲ, ಏರುವ ದಾರಿ ಇಕ್ಕಟ್ಟು, ಆ ಇಕ್ಕಟ್ಟಿನಲ್ಲಿ ಇವನ ಸಿನಿಮಾದ ಚೂರುಗಳೇ ತುಂಬಿಕೊಂಡರೆ ಒಂದು ಪುಟ ಕೊಡು ಎಂದು ಕೇಳುವ ಮಾತು ಕೂಡ ಮನೆಯಿಂದಾಚೆ ಹೋಗುವುದಿಲ್ಲ, ಕೇಳದೆ ಬರುವುದೆಲ್ಲಿಂದ. ಏರುವ ವೇಗಕ್ಕೆ ಮಿತಿ ಹಾಕಿದಳು, ದಾರಿಯಲ್ಲಿ ಒಂದಿಷ್ಟು ಜಾಗ ಸದಾ ಖಾಲಿ ಉಳಿಯುವಂತೆ, ಒಟ್ಟಿಗೆ ಎಷ್ಟು ಜನರ ಜೊತೆ ಕೊಟ್ಟು ತೆಗೆದುಕೊಳ್ಳಬೇಕು ಎಂಬುದನ್ನೂ ತಗ್ಗಿಸಿದಳು, ಅಷ್ಟೇ, ಅತ್ತ ಸಿನಿಮಾ ಇಳಿಯುತ್ತಿದ್ದರೂ ಇತ್ತ ಪುಟಗಳು ಪಟಪಟ ತೆರೆದವು, ಅಮ್ಮನ ಮುಖ ತಿಳಿನೀರಿನಂತೆ ಕಂಡಿತು, ಮಾತು ತುಟಿಗೆ ಸರಿಯಾಗಿ ಬಂತು. ಅವನಿಗೆ ಹೊಟ್ಟೆ ಉರಿ. ಕೊಡೋದು ಕಮ್ಮಿ ಮಾಡಿದ್ರೆ ನಮ್ಗೆ ಹೊಸಾದು ಕೊನೇಲಿ ಸಿಗತ್ತೆ, ಆ ಕಟ್ವೆ ಪೇಟೆಯವನು ನನಗಿಂತ ಮುಂಚೆ ದನಿ ಕೊಟ್ಟು ಹಾಕ್ಬಿಡ್ತಾನೆ ಅಂತ. ಕಟ್ವೆಯವನು. ಅಮ್ಮನ ದನಿಗಿಂತ ದೊಡ್ಡವನು ಕಟ್ವೆಯವನು. ಮಿತಿ ತೆಗೆದದ್ದಲ್ಲದೆ ಕೋಣೆಗೆ ಬೀಗ ಬೇರೆ ಜಡಿದಿದ್ದಾನೆ, ಹೆಂಡತಿಗೆ ಬೀಗ, ಫೋನಿನಲ್ಲಿ ಡೇಟಾ ಇಲ್ಲ, ಮಾತಾಡಲು ದುಡ್ಡೂ ಇಲ್ಲ, ಮನೇಲಿ ನೆಟ್ ಇರುವಾಗ ಅದಕ್ಯಾಕೆ ಅಂದವನೂ ಇವನೇ, ಬಾಯಿ ತೆರೆದೇ ಇದೆ, ಉಂಗುರ ಸುತ್ತುತ್ತಿದೆ.

ನಂತೊಂಗೊ ಅಪ್ಪ, ಬೀಗದ ಕೈ ಕೊಡಿ ಎಂದು ಕೂಗಿದಳು, ಜಗುಲಿಯಿಂದ ಬಂದ, ಬಂದವನು ಬಾಗಿಲ ಪರದೆಯ ಆಚೆಗೇ ನಿಂತ, ಪರದೆಯ ಕೆಳಗೆ ಅವನ ಕಾಲ್ಬೆರಳು, ಹಳದಿ ಉಗುರು, ಸಂದಿಯಲ್ಲಿ ಮಣ್ಣು, ಈ ಕಾಲನ್ನು ಮುಟ್ಟಿಕೊಂಡು ಮಲಗಿದ್ದೆನಲ್ಲ ಎಂದು ಮೈಯೆಲ್ಲ ಮುಳ್ಳೆದ್ದಿತು. ಅಮ್ಮ ಇದ್ದಾರಾ ಫೋನಲ್ಲಿ? ಇದ್ದಾಳೆ, ನಿಂತುಹೋಗಿದ್ದಾಳೆ, ಮಿತಿ ತೆಗೆದಿದೀರಿ ನೀವು, ಬೀಗದ ಕೈ ಕೊಡಿ ಇತ್ತ. ಕೊಟ್ರೆ ನೀನು ಏನಾದ್ರೂ ಒತ್ತಿ ನನ್ ರೆಕಾರ್ಡಿಂಗ್ ಹಾಳ್ಮಾಡ್ತೀಯ, ನಾನೇ ಬಂದು ಹಾಕ್ತೀನಿ, ಮೊದ್ಲು ಅಮ್ಮನ ಮುಖ ಮುಚ್ಚು. ಬರೀ ಚಿತ್ರ ಅದು, ಅಲ್ಲಾಡ್ತಾನೂ ಇಲ್ಲ. ಅಲ್ಲಾಡದಿದ್ರೂ ಅತ್ತೆ ಅತ್ತೇನೇ, ಮುಚ್ಚು. ಅತ್ತೆಗೆ ಕೊಡುವ ಮರ್ಯಾದೆ ಇದು, ಅವಳ ಮಾತು ಕತ್ತು ಹಿಚುಕಿದ ಹಾಗೆ ನಿಂತಿದ್ದರೆ ಪರವಾಗಿಲ್ಲ, ಅವಳ ಮುಖ ಮಾತ್ರ ಕಣ್ಣಿಗೆ ಬೀಳಬಾರದು — ಜಗಳಕ್ಕೆ ಹೊತ್ತಿಲ್ಲ, ಮಗುವಿನ ಬಟ್ಟೆ ಎಳೆದು ಫೋನಿನ ಮೇಲೆ ಹಾಕಿದಳು, ತಲೆಯಿಂದ ಗದ್ದದವರೆಗೆ, ಹೆಣಕ್ಕೆ ಹೊದಿಸಿದ ಹಾಗೆ, ತನ್ನ ಕೈಯಾರೆ. ಆದರೂ ಅಂಗೈಯನ್ನು ಕಣ್ಣಿಗೆ ಅಡ್ಡ ಹಿಡಿದು ಗೋಡೆ ಸವರಿಕೊಂಡು ಹೋದ, ಹೆಂಗಸರ ಬಚ್ಚಲ ಮುಂದೆ ಹಾಯುವವನ ಹಾಗೆ, ಬೀಗ ತೆಗೆದ, ಒಳಗೆ ಹೋಗಿ ಏನೋ ಒತ್ತಿದ್ದೇ ಅರ್ಧಕ್ಕೆ ನಿಲ್ಲಿಸಿಟ್ಟ ಸಿನಿಮಾ ಮನೆ ತುಂಬ ಬೊಬ್ಬಿಟ್ಟಿತು, ಗುಂಡಿನ ಸದ್ದು, ಕಾರು ಗುದ್ದಿದ ಸದ್ದು, ನಡುವೆ ರೆಕಾರ್ಡಾದ ಇವನ ದನಿಯೇ ಹುಯ್ಯಲಿಡುತ್ತಿದೆ, ಮಗು ಬೆಚ್ಚಿ ಕಿಟಾರನೆ ಕಿರುಚಿತು, ಇವಳು ಅದರ ಕಿವಿ ಮುಚ್ಚಿ, ಬೇಗ, ಬೇಗ ಹಾಕಿ, ಸದ್ದು ನಿಲ್ಲಿಸಿ ಎಂದದ್ದು ಇವಳಿಗೇ ಕೇಳಿಸಲಿಲ್ಲ. ಹಾಕ್ದೆ, ಈಗ ನೋಡು ಎನ್ನುತ್ತ ಅಂಗೈ ಅಡ್ಡ ಹಿಡಿದೇ ಹೊರಬಂದ, ಪರದೆಯಾಚೆಗೆ ಹೋದ, ಇವಳು ಬಟ್ಟೆ ಸರಿಸಿದಳು.

ಯಾರೂ ಇಲ್ಲ. ಕರೆ ಮುಗಿದಿದೆ. ಈಗ ನೆಟ್ ಓಡುತ್ತಿದೆ, ಎಷ್ಟು ಚೆನ್ನಾಗಿ ಓಡುತ್ತಿದೆ, ಕಣ್ಣು ಮಿಟುಕಿಸುವಷ್ಟರಲ್ಲಿ ತಮ್ಮ ಲುಬ್ವಾಮನ ಸಂದೇಶ ಬಂತು, ಆಸ್ಪತ್ರೆಯಲ್ಲಿ ಅಮ್ಮನ ಮುಂದೆ ಫೋನು ಹಿಡಿದು ನಿಂತಿದ್ದವನು ಅವನೇ: ಅಕ್ಕ, ಕೊನೇಗೆ ನೆಟ್ ಬಂತು, ಆದ್ರೆ ಬರೀ ಕತ್ಲು ಕಾಣ್ತಿತ್ತು, ಏನೋ ಗಲಾಟೆ ಬೇರೆ. ಅಮ್ಮ ಆ ಕತ್ಲೆಗೇ ಮಗೂನ ಹೆಸರು ಕರೆದ್ಲು. ಕೇಳಿಸ್ತಾ? ಈಗ ಒಳಗೆ ಕರ್ಕೊಂಡ್ ಹೋದ್ರು.

ಕೇಳಿಸಲಿಲ್ಲ ಕಣೋ, ಬಟ್ಟೆಯ ಕೆಳಗೇ ಇತ್ತು, ಕೈಯಳತೆಯಲ್ಲಿತ್ತು, ಮಗುವಿನ ಕಿವಿಯನ್ನು ನಾನೇ ಮುಚ್ಚಿದ್ದೆ — ಅಂತ ಬರೆಯಬೇಕು. ಫೋನಿನಿಂದ ಅತ್ತೆಯ ಮುಖ ಹೋಯಿತೆಂದು ತಿಳಿದು ಅವನು ಈಗ ಧಾರಾಳವಾಗಿ ಒಳಗೆ ಬಂದಿದ್ದಾನೆ, ಹೆಗಲ ಮೇಲಿಂದ ಸಂದೇಶ ಓದುತ್ತಾನೆ, ಹಸಿ ಈರುಳ್ಳಿ ವಾಸನೆಯ ಉಸಿರು ಕತ್ತಿಗೆ ತಗಲುತ್ತದೆ, ಬೇಜಾರ್ ಮಾಡ್ಕೋಬೇಡ, ಹೆಂಗ್ ಕರೆದಿರ್ತಾರೆ ಅಂತ ನಾನ್ ಹೇಳ್ತೀನಿ ಎಂದು ಗಂಟಲು ಸರಿಮಾಡಿಕೊಳ್ಳುತ್ತಾನೆ, ಸಿನಿಮಾದ ಮುದುಕಿಯರಿಗೆಲ್ಲ ಕೊಡುವ ಅದೇ ನಡುಗುವ ದನಿ, ನಂತೊಂಗೋ, ನನ್ ಚಿನ್ನಾ, ಬಾರೇ ಅಜ್ಜಿ ಹತ್ರ — ಅಮ್ಮನ ದನಿಯನ್ನು ಎಂದಾದರೂ ಹತ್ತಿರದಿಂದ ಕೇಳಿದ್ದಾನೆಯೇ ಇವನು — ಮಗು ಅಳು ನಿಲ್ಲಿಸಿತು. ನಿಲ್ಲಿಸಿ ಅವನ ಕಡೆಗೆ ತಲೆ ತಿರುಗಿಸಿತು. ನೋಡು, ಒಪ್ಪಿಗೆಯಾಯ್ತು ಅದಕ್ಕೆ ಎನ್ನುತ್ತಾನೆ. ಇಲ್ಲ, ಅದಲ್ಲ ಮಗು, ಅದು ಅಜ್ಜಿಯಲ್ಲ, ಅಜ್ಜಿ ಹೀಗೆ ಕರೆಯುವುದಿಲ್ಲ, ಅಜ್ಜಿ ಕರೆಯುವುದು ಹೇಗೆಂದರೆ, ಹೇಗೆಂದರೆ — ದನಿ ನೆನಪಿಗೆ ಬರುತ್ತಿಲ್ಲ, ಬಾಯಿ ತೆರೆದೇ ಇದೆ, ಮೇಲಿನ ಸಾಲಿನಲ್ಲಿ ಆ ಸಂದಿ, ಬಿಳಿ ಉಂಗುರ, ಬಾಯಿ ತೆರೆದೇ ಇದೆ, ತೆರೆದೇ