ಚಾವಣಿಗೆ ಕಿವಿಗೊಟ್ಟ ಚಿಕ್ಕಮುನಿಯಪ್ಪ

ಚಿಕ್ಕಮುನಿಯಪ್ಪ ಯಾವ ಕೋಣೆಗೆ ಹೋದರೂ ಕೂಡಲೇ ಕೂರುತ್ತಿರಲಿಲ್ಲ. ಹೊಸ್ತಿಲಲ್ಲೇ ನಿಂತು, ತನಗಿಂತ ಮೊಳ ಉದ್ದದ ಕೋಲನ್ನೆತ್ತಿ ಚಾವಣಿಗೆ ಎರಡು ಸಲ ಕುಟ್ಟಿ, ಬಲಗಿವಿಯನ್ನು ವಾರೆಮಾಡಿ ಆಲಿಸುತ್ತಿದ್ದ. ಎಡಗಿವಿಯನ್ನು ಸಿಡಿಮದ್ದು ಎಂದೋ ನುಂಗಿತ್ತು. ಸದ್ದು ಒಪ್ಪಿಗೆಯಾದರೆ "ಗಟ್ಟಿ" ಎನ್ನುವನು, ಆಮೇಲೆ ಕೂರುವನು.

"ತಾತಾ, ನನ್ನ ಅಡುಗೆಮನೆ ಏನು ಹಲಸಿನಹಣ್ಣಾ, ದಿನಾ ತಟ್ಟಿ ತಟ್ಟಿ ನೋಡೋಕೆ?" ಎಂದು ಅಡುಗೆಯ ಮುನಿರತ್ನಮ್ಮ ರೇಗಿಸುತ್ತಿದ್ದಳು.

ಚಿನ್ನದ ಗಣಿಯಲ್ಲಿ ಮೂವತ್ತು ವರ್ಷ ಅವನ ಕೆಲಸವೇ ಅದಾಗಿತ್ತು. ಮದ್ದು ಸಿಡಿದು ಹೊಗೆ ಹರಿದ ಮೇಲೆ ಸುರಂಗಕ್ಕೆ ಮೊದಲು ನುಗ್ಗಿ, ತಲೆಯ ಮೇಲಿನ ಬಂಡೆಯನ್ನು ಕಬ್ಬಿಣದ ಸಲಾಕೆಯಿಂದ ಕುಟ್ಟಿ, ಅದು ಗಟ್ಟಿಯೋ ಪೊಳ್ಳೋ ಹೇಳಬೇಕು. ಅವನು ಗಟ್ಟಿ ಎಂದ ಕಲ್ಲಿನಡಿ ಒಬ್ಬನೂ ಸತ್ತಿರಲಿಲ್ಲ. ಕೆಲಸ ಬಿಟ್ಟು ಹತ್ತು ವರ್ಷವಾದರೂ ತಲೆ ತಗ್ಗಿಸಿ, ಮೊಣಕಾಲು ಮಡಿಸಿಯೇ ನಡೆಯುತ್ತಿದ್ದ. ಬೇಸಿಗೆಯಲ್ಲೂ ಖಾಕಿ ಕೋಟು ಕಳಚುತ್ತಿರಲಿಲ್ಲ.

ರಾಬರ್ಟ್‌ಸನ್‌ಪೇಟೆಯ ವರ್ತಕರು ಕೂಡಿ ಕಟ್ಟಿಕೊಂಡ ಸೋದರ ಸೇವಾ ಸಂಘವು ಉರಿಗಾಂನ ತಗ್ಗು ಚಾವಣಿಯ ಉದ್ದನೆಯ ಕಟ್ಟಡವೊಂದರಲ್ಲಿ ವೃದ್ಧರ ವಸತಿ ನಡೆಸುತ್ತಿತ್ತು. ಚಿಕ್ಕಮುನಿಯಪ್ಪನೂ ಸೇರಿ ಇಪ್ಪತ್ತೆರಡು ಜನ, ಅವರಿಗೊಬ್ಬಳು ನರ್ಸು ಗಂಗರತ್ನಮ್ಮ. ಮುದ್ದೆ, ಮಾತ್ರೆ, ಕಂಬಳಿ ಯಾವುದಕ್ಕೂ ಕೊರತೆಯಿರಲಿಲ್ಲ. ನಿಯಮ ಮಾತ್ರ ಒಂದಿತ್ತು: ಊಟದ ಮನೆಗೆ ತಾನಾಗಿ ನಡೆದು ಬರುವವನಿಗಷ್ಟೇ ಅಲ್ಲಿ ಜಾಗ, ಹಾಸಿಗೆ ಹಿಡಿದವನು ನೆಂಟರ ಮನೆಗೆ ಹೋಗಬೇಕು. ಧರ್ಮಿಷ್ಠರ ಕರುಣೆ ಆ ಹೊಸ್ತಿಲವರೆಗೆ ಬಂದು ನಿಂತುಬಿಡುತ್ತಿತ್ತು.

ಎಂಬತ್ನಾಲ್ಕರ ಚಳಿಗಾಲದಲ್ಲಿ ಶ್ರೀರಾಮಪ್ಪ ಹಾಸಿಗೆ ಹಿಡಿದ. ಚಿಕ್ಕಮುನಿಯಪ್ಪನ ಗ್ಯಾಂಗಿನಲ್ಲೇ ಇಪ್ಪತ್ತು ವರ್ಷ ದುಡಿದವನು. ಕಲ್ಲಿನ ಧೂಳು ಎದೆ ತುಂಬಿ, ಒಂದೊಂದು ಉಸಿರನ್ನೂ ಬಾವಿಯಿಂದ ಸೇದುವವನಂತೆ ಎಳೆಯುತ್ತಿದ್ದ. ನೆಂಟರೆಂದರೆ ಬಂಗಾರಪೇಟೆ ಕಡೆಯ ಹಳ್ಳಿಯಲ್ಲಿ ಒಂಟಿ ಕೋಣೆಯ ಗುಡಿಸಲಿನಲ್ಲಿ ಆರು ಜನರೊಂದಿಗಿದ್ದ ಅಣ್ಣನ ಮಗ. ಅಲ್ಲಿಗೆ ಹೋದರೆ ವಾರವೂ ಬದುಕುವವನಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ನಾಲ್ಕನೆಯ ದಿನ ಮಧ್ಯಾಹ್ನ ಊಟದ ಹೊತ್ತಿಗೆ ಸಂಘದ ಕಾರ್ಯದರ್ಶಿ ಅಶ್ವತ್ಥಪ್ಪನವರು ಜೀಪು ತಂದರು.

ಚಿಕ್ಕಮುನಿಯಪ್ಪ ಕೂಗಾಡಲಿಲ್ಲ. ತಟ್ಟೆಯನ್ನು ಮಗುಚಿ ಹಾಕಿದ.

"ಒಬ್ಬ ಒಳಗೇ ಅವ್ನೆ ಸ್ವಾಮಿ. ಅವ್ನು ಬರೋಗಂಟ ನಾವು ಮೇಲಕ್ಕೆ ಬರೋರಲ್ಲ."

ಸುರಂಗದಲ್ಲಿ ಒಬ್ಬ ಸಿಕ್ಕಿಕೊಂಡಾಗ ಗಣಿಯವರು ಆಡುವ ಮಾತು ಅದು. ಒಂದಾದ ಮೇಲೊಂದರಂತೆ ಇಪ್ಪತ್ತು ತಟ್ಟೆ ಮಗುಚಿಕೊಂಡವು.

"ಸಾರ್, ಮುದ್ದೆ ಕಲ್ಲಾಯ್ತಾ ಐತೆ, ಏನಾರ ತೀರ್ಮಾನ ಮಾಡಿ," ಎಂದಳು ಮುನಿರತ್ನಮ್ಮ.

ಅಶ್ವತ್ಥಪ್ಪನವರು ಕೆಟ್ಟವರಲ್ಲ, ನಿಯಮದವರು. "ನಾನೇನು ಕಟುಕನಾ? ಎಲ್ಲಿ ಮಲಗಿಸ್ಲಿ? ಯಾರು ನೋಡ್ಕೋತಾರೆ?"

"ನಾನು ನೋಡ್ಕೊತೀನಿ ಸಾರ್. ಜಾಗ ಕೊಡಿ," ಎಂದಳು ಗಂಗರತ್ನಮ್ಮ.

ಕೊನೆಗೆ ಅವರು ಸಾಮಾನಿನ ಕೋಣೆಯನ್ನು ಬಿಟ್ಟುಕೊಟ್ಟರು. ಮುದುಕರು ಖುಷಿಯಾಗಿ ತಟ್ಟೆ ತಿರುವಿದರು. ಚಿಕ್ಕಮುನಿಯಪ್ಪ ಮಾತ್ರ ಕೋಲು ಹಿಡಿದು ಒಳಹೊಕ್ಕು, ಕುಟ್ಟಿ, ಆಲಿಸಿ, ಮತ್ತೊಮ್ಮೆ ಕುಟ್ಟಿದ.

"ಬ್ಯಾಡ ಸ್ವಾಮಿ. ಪೊಳ್ಳು."

ಆ ಕಿವಿಗೆ ಎದುರಾಡುವವರು ಯಾರು? ಅವನು ನೆಟ್ಟಗೆ ಕಾರ್ಯದರ್ಶಿಗಳ ಆಫೀಸಿಗೆ ಹೋಗಿ ಅಲ್ಲಿನ ಚಾವಣಿ ಕುಟ್ಟಿದ. "ಇದು ಗಟ್ಟಿ."

ಸಂಜೆಯೊಳಗೆ ಅಶ್ವತ್ಥಪ್ಪನವರ ಮೇಜು ಜಗುಲಿಗೆ ಬಂತು. ಆಫೀಸಿನ ದೊಡ್ಡ ಕಿಟಕಿಯಡಿ ಶ್ರೀರಾಮಪ್ಪನ ಮಂಚ ಬಿತ್ತು. ಆ ನಿಯಮ ಮತ್ತೆ ತಲೆಯೆತ್ತಲಿಲ್ಲ. ವರ್ಷದೊಳಗೆ ಅಲ್ಲಿ ನಾಲ್ಕು ಮಂಚಗಳಾದವು. ಶ್ರೀರಾಮಪ್ಪ ಎರಡು ವರ್ಷ ಬದುಕಿ, "ಲೇ ಮುನಿಯಾ, ಈವತ್ತು ಚಾವಣಿ ಏನಂತದ್ಲಾ?" ಎಂದು ಗೆಳೆಯನನ್ನು ದಿನವೂ ಕೆಣಕಿದ.

ಸಾಮಾನಿನ ಕೋಣೆಯ ಚಾವಣಿ ಬೀಳಲೇ ಇಲ್ಲ. ಮೂರು ಮಳೆಗಾಲ ಕಳೆದ ಮೇಲೆ, ವಸತಿಗೆ ಆಗಾಗ ಹೋಗಿಬರುತ್ತಿದ್ದ ನಾನೇ ಅವನನ್ನು ಕೇಳಿದೆ.

ಕೋಟಿನ ಗುಂಡಿ ತಿರುವುತ್ತ ಹೇಳಿದ: "ಅದೂ ಗಟ್ಟೀನೇ ಕಣಪ್ಪಾ. ಕಿಟಕಿ ಇರ್ಲಿಲ್ಲ. ಗಾಳಿ ಬೇಕು ಅಂದಿದ್ರೆ ಕೊಡ್ತಿದ್ರಾ? ಚಾವಣಿ ಅಂದ್ರೆ ಎಲ್ರೂ ಎದರ್ತಾರೆ. ಕಲ್ಲಿನ ಮ್ಯಾಲೆ ಅದೊಂದೇ ಸುಳ್ಳು ಯೋಳಿರೋದು ನಾನು."

ಜೀವಮಾನವಿಡೀ ಸತ್ಯ ಹೇಳಿ ಗಳಿಸಿದ ನಂಬಿಕೆಯನ್ನು ಒಳಕೋಣೆಯಲ್ಲಿ ಭದ್ರವಾಗಿಟ್ಟುಕೊಂಡೇ ಸತ್ತ ಸಜ್ಜನರನ್ನು ಬೇಕಾದಷ್ಟು ಕಂಡಿದ್ದೇನೆ. ಚಿಕ್ಕಮುನಿಯಪ್ಪನಂಥ ಜನ ಬೇರೆ. ಪಕ್ಕದವನ ಉಸಿರಿಗೆ ಬೇಕಾಯಿತೆಂದರೆ ಅವರು ಆ ನಂಬಿಕೆಯನ್ನು ಒಂದೇ ಮಧ್ಯಾಹ್ನದಲ್ಲಿ ತೆಗೆದು ಖರ್ಚು ಮಾಡಿಬಿಡುತ್ತಾರೆ, ಆಮೇಲೆ ಕೂತು ಆರಿದ ಮುದ್ದೆ ಉಣ್ಣುತ್ತಾರೆ.