ಪರದೆ ಕಾಯುವ ಕೆಲಸ

ಆ ದಿನ ಬೆಳಿಗ್ಗೆಯೇ ಗಾಳಿ ಎದ್ದಿತ್ತು. ಮಳೆ ತರುವ ಗಾಳಿಯಲ್ಲ. ಮಾಡಲು ಕೆಲಸವಿಲ್ಲದೆ ಬೀದಿ ಸುತ್ತಲು ಹೊರಟ ಗಾಳಿ. ಕಾಗದದ ಚೂರುಗಳನ್ನೆಲ್ಲ ಒಂದು ಮೂಲೆಗೆ ಕೂಡಿಸುವುದು, ಮನಸ್ಸು ಬದಲಾಯಿಸಿ ಮತ್ತೆ ಚೆಲ್ಲಿಬಿಡುವುದು. ತಂತಿಯ ಮೇಲೆ ಒಣಗಲು ಹಾಕಿದ್ದ ಒಂದು ಅಂಗಿ ಎರಡೂ ತೋಳು ಬೀಸಿ ಹೋಗಿಬರುವವರನ್ನು ಮನೆಗೆ ಕರೆಯುತ್ತಿತ್ತು. ಅಂಗಿಯ ಯಜಮಾನರಿಗೆ ಮಾತ್ರ ಯಾರನ್ನೂ ಕರೆಯುವ ಮನಸ್ಸಿರಲಿಲ್ಲ. ಅವರು ಮುಂಬಾಗಿಲ ಮೆಟ್ಟಿಲ ಮೇಲೆ ಕೂತು, ಆರುತ್ತಿದ್ದ ಟೀ ಲೋಟ ಹಿಡಿದುಕೊಂಡು, ಮಗನಿಗೆ ಇವತ್ತು ಯಾಕಾದರೂ ರಜೆ ಕೊಟ್ಟೆಯೋ ದೇವರೇ ಎಂದು ಕೊರಗುತ್ತಿದ್ದರು.

ಬೀದಿಯವರು ಅವರನ್ನು ಮೀಟರ್ ಮಾವ ಎನ್ನುತ್ತಿದ್ದರು. ಕೆಲಸದಲ್ಲಿದ್ದಷ್ಟು ಕಾಲವೂ ಮನೆಮನೆಗೆ ಹೋಗಿ ಕರೆಂಟ್ ಮೀಟರ್ ಓದಿಕೊಂಡು ಬಂದವರು. ನಿವೃತ್ತಿಯಾದ ಮೇಲೆ ಓದಲು ಉಳಿದದ್ದು ತಮ್ಮ ಮನೆಯದೊಂದೇ ಮೀಟರು. ಬೆಳಿಗ್ಗೆ ಎದ್ದು ದೇವರ ಮುಂದೆ ಕಣ್ಣು ಮುಚ್ಚಿ ನಿಲ್ಲುತ್ತಿದ್ದರು, ಆಮೇಲೆ ಮೀಟರಿನ ಮುಂದೆ ಕಣ್ಣು ಬಿಟ್ಟು ನಿಲ್ಲುತ್ತಿದ್ದರು. ಎರಡರಲ್ಲಿ ಯಾವುದರ ಮುಂದೆ ಹೆಚ್ಚು ಹೊತ್ತು ಎಂದು ಯಾರಾದರೂ ಕೇಳಿದರೆ ಅವರ ಹೆಂಡತಿ, "ದೇವರು ಬಿಲ್ಲು ಕಳಿಸಲ್ವಲ್ಲ, ಅದಕ್ಕೇ ಅವನಿಗೆ ಸ್ವಲ್ಪ ಕಮ್ಮಿ" ಎನ್ನುತ್ತಿದ್ದರು.

ಇಂಥವರ ಮನೆಗೆ ಕಂಪ್ಯೂಟರು ಬಂತು. ಬಂದದ್ದು ಸೊಸೆಗಾಗಿ. ಆಕೆ ನಾಟಕದ ಉಡುಪುಗಳಿಗೆ ಮಣಿ ನೇಯುವವಳು. ಮರದ ಚೌಕಟ್ಟಿಗೆ ದಾರಗಳನ್ನು ಬಿಗಿದು, ಒಂದೊಂದು ಸಾಲಿನ ಮಣಿಗಳನ್ನು ಸೂಜಿಗೆ ಪೋಣಿಸಿ ಆ ದಾರಗಳ ನಡುವೆ ಕೂರಿಸಬೇಕು. ಯಾವ ಸಾಲಿನಲ್ಲಿ ಯಾವ ಬಣ್ಣ ಎನ್ನುವುದಕ್ಕೆ ಒಂದು ನಕ್ಷೆ, ಅದರ ತುಂಬ ಸಾಸಿವೆಯಷ್ಟು ಸಾಸಿವೆಯಷ್ಟು ಚೌಕಗಳು. ಕಾಗದದ ಮೇಲೆ ನೀಲಿಯೂ ನೇರಳೆಯೂ ಒಂದೇ ಥರ ಕಾಣುತ್ತವೆಂದು, ನಕ್ಷೆಯನ್ನು ಪರದೆಯ ಮೇಲೆ ದೊಡ್ಡದು ಮಾಡಿ ನೋಡಲಿ ಎಂದು, ಬಸ್ ಓಡಿಸುವ ಗಂಡ ಈ ಕಂಪ್ಯೂಟರನ್ನು ಹೊತ್ತು ತಂದಿದ್ದ.

ಅದನ್ನು ಜೋಡಿಸಲು ಬಂದವನನ್ನು ಮಾವ ಕೇಳಿದ ಮೊದಲ ಪ್ರಶ್ನೆ, "ಇದು ಎಷ್ಟು ಕುಡಿಯುತ್ತಪ್ಪಾ?"

"ಪರದೆನೇ ಸ್ವಲ್ಪ ಜಾಸ್ತಿ ಸರ್. ಬೇಡವಾದಾಗ ತಾನೇ ಆರೋ ಹಾಗೆ ಇಡಬಹುದು" ಎಂದು ಅವನು ತೋರಿಸಿಕೊಟ್ಟ. ಸೆಟ್ಟಿಂಗ್ಸಿಗೆ ಹೋಗಬೇಕು, ಅಲ್ಲಿ ಸಿಸ್ಟಮ್, ಅದರೊಳಗೆ ಪವರ್. ಇಷ್ಟು ಹೊತ್ತು ಯಾರೂ ಮುಟ್ಟದಿದ್ದರೆ ಪರದೆ ಆರಲಿ ಎಂದು ಆರಿಸಿಕೊಳ್ಳಲು ಒಂದು ಪಟ್ಟಿ. ಹತ್ತು ನಿಮಿಷ ಇಡಲೇ ಎಂದು ಅವನು ಕೇಳುವುದರೊಳಗೆ ಮಾವನ ಬೆರಳು ಪಟ್ಟಿಯ ತುತ್ತತುದಿಗೆ ಹೋಗಿಯಾಗಿತ್ತು. ಒಂದು ನಿಮಿಷ. ಅದಕ್ಕಿಂತ ಕಡಿಮೆ ಇರಲಿಲ್ಲ. ಇದ್ದಿದ್ದರೆ ಅದನ್ನೇ ಒತ್ತುತ್ತಿದ್ದರು.

"ಯಾರೂ ಮುಟ್ಟದೆ ಇರೋವಾಗ ಅದು ಯಾರಿಗೋಸ್ಕರ ಉರೀಬೇಕು?" ಎಂದರು, ಲೋಕಕ್ಕೆಲ್ಲ ಕೇಳಿಸುವ ಹಾಗೆ.

ಮಣಿ ನೇಯುವವರ ಎರಡು ಕೈಯೂ ಮಣಿಯಲ್ಲೇ ಇರುತ್ತವೆ ಎನ್ನುವುದು ಅವರಿಗೆ ಹೊಳೆಯಲಿಲ್ಲ. ಸೊಸೆ ತಲೆ ಬಗ್ಗಿಸಿ ಅರ್ಧ ಸಾಲು ಪೋಣಿಸಿ ತಲೆ ಎತ್ತುವುದರಲ್ಲಿ ಪರದೆ ಕಪ್ಪಗಾಗಿರುತ್ತಿತ್ತು. ಒಂದು ಕೈಯಲ್ಲಿ ಸೂಜಿ, ಇನ್ನೊಂದರಲ್ಲಿ ದಾರ. ಬಿಟ್ಟರೆ ಮಣಿಯೆಲ್ಲ ಜಾರಿಹೋಗುತ್ತದೆ. ಮೊದಮೊದಲು ಮೊಣಕೈಯಿಂದ ಮೌಸನ್ನು ತಿವಿದಳು. ಒಂದು ಸಲ ಗದ್ದದಿಂದಲೂ ತಿವಿದಳು. ಕೊನೆಗೆ, "ಮಾವಾ!" ಎಂದು ಕೂಗಿದಳು.

ಮಾವ ಓಡಿಬಂದು ಮೌಸ್ ಅಲ್ಲಾಡಿಸಿ ಹೋದರು. ಮೆಟ್ಟಿಲ ಮೇಲೆ ಕೂರುವಷ್ಟರಲ್ಲಿ ಮತ್ತೆ, "ಮಾವಾ!" ಹೀಗೆ ಓಡಾಡಿ ಓಡಾಡಿ ಅವರ ಚಪ್ಪಲಿಯ ಸದ್ದೇ ಮನೆ ತುಂಬಿತು. ಸೊಸೆ ಕಾಲಿನಿಂದಲೇ ಒಂದು ಸ್ಟೂಲನ್ನು ಅವರ ಕಡೆಗೆ ತಳ್ಳಿದಳು.

"ಇಲ್ಲೇ ಕೂತುಬಿಡಿ ಮಾವ. ಆರಿಸೋಕೆ ಹೇಳಿಕೊಟ್ಟೋರು ನೀವು, ಉರಿಸೋರೂ ನೀವೇ."

ಅತ್ತೆ ಬಾಗಿಲಲ್ಲಿ ನಿಂತು ನಕ್ಕರು. "ಕೂತ್ಕೊಳ್ರೀ. ನಿವೃತ್ತಿ ಆದ್ಮೇಲೂ ಮನೆಯಲ್ಲೇ ಕೆಲಸ ಸಿಕ್ಕಿದೆ, ಪುಣ್ಯ ಮಾಡಿದ್ರಿ."

ಮಾವ ಮುಖ ಗಂಟಿಕ್ಕಿಕೊಂಡೇ ಕೂತರು. ಬರೀ ಮೌಸ್ ಅಲ್ಲಾಡಿಸುತ್ತ ಎಷ್ಟು ಹೊತ್ತು ಕೂರಲಾದೀತು? ಎರಡನೆಯ ದಿನ ಕನ್ನಡಕ ಏರಿಸಿ ನಕ್ಷೆಯನ್ನು ಗಟ್ಟಿಯಾಗಿ ಓದತೊಡಗಿದರು. "ಬಿಳಿ ಮೂರು. ನೀಲಿ ಒಂದು. ಮತ್ತೆ ಬಿಳಿ ಎರಡು." ಸೊಸೆ ತಲೆ ಎತ್ತುವುದನ್ನೇ ಬಿಟ್ಟಳು. ಅವರ ದನಿ ಹೇಳುತ್ತಿತ್ತು, ಅವಳ ಬೆರಳು ಕೇಳಿಸಿಕೊಳ್ಳುತ್ತಿತ್ತು. ಕೆಲಸ ಹೂವಿನ ಹಾಗೆ ಸಾಗಿತು. ಆ ಕೋಣೆಯ ಮುಂದೆ ಹಾದುಹೋದವರಿಗೆ ಯಾರೋ ಜಪಕ್ಕೆ ಕೂತಿದ್ದಾರೆ ಅನ್ನಿಸಬೇಕು, ಹಾಗಿತ್ತು. ಒಂದರ ಹಿಂದೆ ಒಂದು ಮಣಿ ಸರಿಯುವುದಾದರೆ ಅದು ಜಪವಲ್ಲ ಎಂದು ಹೇಳಲು ನಾವು ಯಾರು?

ಆದರೆ ಮೊದಲ ಜಪವೇ ದಾರಿ ತಪ್ಪಿತು. ರಾಣಿಯ ಮೇಲಂಗಿಗೆಂದು ನೇಯುತ್ತಿದ್ದ ಹಕ್ಕಿ ಒಂದು ಗೇಣು ಬೆಳೆದಾಗ ಅತ್ತೆ ಬಂದು ನೋಡಿ, ತಲೆಯನ್ನು ಆ ಕಡೆ ಒಮ್ಮೆ ಈ ಕಡೆ ಒಮ್ಮೆ ವಾಲಿಸಿದರು.

"ಏನೇ ಇದು? ಹಕ್ಕಿಯೋ, ಬಾಚಣಿಗೆಯೋ?"

ನೋಡಿದರೆ ನಿಜ. ಒಂದು ಸಾಲಿನಲ್ಲಿ ಹಕ್ಕಿಯ ಎದೆ ಎಡಕ್ಕಿತ್ತು, ಅದರ ಮುಂದಿನ ಸಾಲಿನಲ್ಲಿ ಬಲಕ್ಕೆ. ಅಂಚಿನ ತುಂಬ ಹಲ್ಲುಹಲ್ಲು. ಸೊಸೆಗೆ ಅಳುವುದೋ ನಗುವುದೋ ತಿಳಿಯಲಿಲ್ಲ. "ಮಾವ, ನೀವು ಯಾವ ಕಡೆಯಿಂದ ಓದಿದ್ರಿ?"

"ಯಾವ ಕಡೆಯಿಂದ ಅಂದ್ರೆ? ಸರಿಯಾಗೇ ಓದಿದೀನಿ. ಒಂದು ಎಡದಿಂದ, ಒಂದು ಬಲದಿಂದ."

"ಯಾಕೆ?"

ಮಾವನಿಗೆ ಆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. ಅವರು ಕೆಲಸಕ್ಕೆ ಸೇರಿದ ಕಾಲದ ಮೀಟರುಗಳಲ್ಲಿ ಸಾಲಾಗಿ ಪುಟ್ಟ ಪುಟ್ಟ ಮುಳ್ಳುಗಳು. ಒಂದು ಗಡಿಯಾರದ ಹಾಗೆ ತಿರುಗಿದರೆ ಅದರ ಪಕ್ಕದ್ದು ಉಲ್ಟಾ ತಿರುಗುತ್ತಿತ್ತು. ಒಂದನ್ನು ಹೀಗೆ, ಮುಂದಿನದನ್ನು ಹಾಗೆ ಓದಿ ಓದಿ ಅವರ ಕಣ್ಣು ಅದೇ ದಾರಿಗೆ ಪಳಗಿಬಿಟ್ಟಿತ್ತು. ಅತ್ತೆಗೆ ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. "ಅದಕ್ಕೇ ಇವರು ಪೇಪರ್ ಓದಿ ಹೇಳೋ ಸುದ್ದಿ ನಂಗೆ ಯಾವತ್ತೂ ಅರ್ಥ ಆಗಿಲ್ಲ ನೋಡು!"

ಹಕ್ಕಿಯನ್ನು ಬಿಚ್ಚಿದರು. ಮತ್ತೆ ಕೂತರು. ಈ ಸಲ ಮಾವ ಪ್ರತಿ ಸಾಲಿಗೂ ಎಡಗೈ ಎತ್ತಿ, "ಈ ಕಡೆಯಿಂದ" ಎಂದು ತಮಗೆ ತಾವೇ ಹೇಳಿಕೊಂಡು ಓದಿದರು. ಹಕ್ಕಿಗೆ ಬಾಲ ಬಂತು, ರೆಕ್ಕೆ ಬಂತು, ಕತ್ತು ಬಂತು. ಮಾವನಿಗೂ ಏನೋ ಬಂತು. ಬೆಳಿಗ್ಗೆ ಏಳುತ್ತಲೇ, "ಇವತ್ತು ನಾವು ಕತ್ತಿನ ಕೆಲಸ ಮುಗಿಸಬೇಕು" ಎನ್ನುತ್ತಿದ್ದರು. ಸಂಜೆ ಸ್ಟೂಲಿನಿಂದ ಏಳುವಾಗ ಮಾತ್ರ ತಪ್ಪದೆ, "ಅಯ್ಯೋ, ಸೊಂಟಾ" ಎಂದು ಮನೆಯವರಿಗೆಲ್ಲ ಕೇಳಿಸುವಂತೆ ನರಳುತ್ತಿದ್ದರು.

ಆ ನರಳಾಟವೇ ಮುಳುವಾಯಿತು. ಸೊಸೆ ಅದನ್ನು ನಿಜವೆಂದು ನಂಬಿದಳು. ಪಾಪ, ನನ್ನಿಂದಾಗಿ ವಯಸ್ಸಾದವರಿಗೆ ಕಷ್ಟ ಎಂದು ಗಂಡನ ಹತ್ತಿರ ಹೇಳಿದಳು. ರಜೆ ಬಂದ ದಿನ ಸರಿಮಾಡುತ್ತೇನೆ ಎಂದು ಅವನು ಒಪ್ಪಿಕೊಂಡ. ಆ ರಜೆಯೇ ಈ ಗಾಳಿಯ ದಿನ. ಸುದ್ದಿ ತಿಳಿದಾಗಿನಿಂದ ಮಾವನಿಗೆ ಟೀ ರುಚಿಸುತ್ತಿರಲಿಲ್ಲ. ಪರದೆ ಆರದಿದ್ದರೆ ಸ್ಟೂಲಿನ ಮೇಲೆ ತಾನು ಯಾಕೆ? ಮತ್ತೆ ಮೆಟ್ಟಿಲು, ಮತ್ತೆ ಬೀದಿ, ಮತ್ತೆ ಆ ಒಂದೇ ಮೀಟರು.

ಮಗ ತಲೆ ಒರೆಸಿಕೊಳ್ಳುತ್ತ ಬಂದು ಕಂಪ್ಯೂಟರಿನ ಮುಂದೆ ಕೂತ. ಮಾವ ಹಿಂದೆಯೇ ಬಂದರು.

"ಹತ್ತು ನಿಮಿಷನೂ ಬೇಡ. ಎಂದಿಗೂ ಆರದ ಹಾಗೇ ಇಟ್ಟುಬಿಡ್ತೀನಿ" ಎಂದ ಮಗ.

"ರಾತ್ರಿಯೆಲ್ಲ ಉರೀತಾ ಇರುತ್ತೆ ಕಣೋ!"

"ರಾತ್ರಿ ಪೂರ್ತಿ ಆಫ್ ಮಾಡೇ ಮಲಗ್ತೀವಲ್ಲಪ್ಪ."

"ಮರೆತ್ರೆ?"

"ನೀವು ಬಿಡ್ತೀರಾ? ಮೀಟರ್ ಚಕ್ರ ಒಂದು ಸುತ್ತು ಜಾಸ್ತಿ ತಿರುಗಿದ್ರೆ ನಿಮಗೆ ಕನಸಲ್ಲೇ ಗೊತ್ತಾಗುತ್ತೆ." ಮಗ ಒತ್ತಿಯೇಬಿಟ್ಟ. "ಆಯ್ತು. ಇನ್ನು ನಿಮಗೂ ಬಿಡುಗಡೆ. ಸೊಂಟಕ್ಕೆ ಎಣ್ಣೆ ಹಚ್ಚಿಕೊಂಡು ಹಾಯಾಗಿ ಬಿದ್ದುಕೊಳ್ಳಿ."

ಮಾವ ಸ್ಟೂಲನ್ನು ಎತ್ತಿಕೊಂಡು ಹೋಗಿ ಅಡುಗೆಮನೆಯ ಮೂಲೆಯಲ್ಲಿಟ್ಟರು. ಅತ್ತೆ ಅದರ ಮೇಲೆ ತರಕಾರಿ ಬುಟ್ಟಿ ಇಟ್ಟರು. ಅದನ್ನು ಅವರು ನಿಂತು ನೋಡಿದ ರೀತಿ ಕಂಡು ಅತ್ತೆ, "ಬುಟ್ಟಿ ಇಳಿಸ್ಲಾ? ಇಲ್ಲಾಂದ್ರೆ ನೀವೇ ಬೀನ್ಸ್ ಎಣಿಸ್ತಾ ಕೂತ್ಕೊತೀರಾ? ಹಸಿರು ಮೂರು, ಹಸಿರು ನಾಲ್ಕು…" ಎಂದರು. ಮಾವ ತಲೆ ತಗ್ಗಿಸಿ ಮೆಟ್ಟಿಲ ಕಡೆ ನಡೆದರು. ಅತ್ತೆಯ ನಗುವೂ ಅಲ್ಲಿಗೇ ನಿಂತಿತು.

ಮಗ ಪೇಟೆಗೆ ಹೋದ. ಒಳಗೆ ಪರದೆ ಬೆಳಗುತ್ತಲೇ ಇತ್ತು. ರಾಣಿಯ ಮೇಲಂಗಿ ಹೊಲಿಯುವ ನಾಟಕದ ದರ್ಜಿ ಮರುದಿನ ಬೆಳಿಗ್ಗೆಯೇ ಬರುವವಳಿದ್ದಳು. ಹಕ್ಕಿಗೆ ಕೊಕ್ಕು ಇನ್ನೂ ಬಾಕಿ. ಮಧ್ಯಾಹ್ನ ಸೊಸೆ ದಾರ ಸಾಲದೆ ಪಕ್ಕದ ಅಂಗಡಿಗೆ ಹೋಗಿ ಬರುವಷ್ಟರಲ್ಲಿ, ಮಾವ ಯಾರೋ ತಳ್ಳಿದಂತೆ ಆ ಕೋಣೆಯೊಳಗೆ ನಡೆದರು. ಸೆಟ್ಟಿಂಗ್ಸ್, ಸಿಸ್ಟಮ್, ಪವರ್. ಒಂದು ನಿಮಿಷ. ದೇವರ ಪಟದ ಕಡೆ ನೋಡಲಿಲ್ಲ. ನೋಡಿದ್ದರೆ ಕೈ ನಿಲ್ಲುತ್ತಿತ್ತೇನೋ. ತಿರುಗಿದರೆ ಬಾಗಿಲಲ್ಲಿ ಅತ್ತೆ.

"ಏನ್ರೀ ಮಾಡ್ತಿದ್ರಿ?"

"ಧೂಳು. ಧೂಳು ಒರೆಸ್ತಿದ್ದೆ."

"ಧೂಳು ಪರದೆ ಒಳಗಿತ್ತಾ?" ಎಂದರು ಅತ್ತೆ. ಅಷ್ಟಕ್ಕೇ ಬಿಟ್ಟು ಹೋದರು.

ಸೊಸೆ ಬಂದು ಕೂತಳು. ಮಾವ ಮೆಟ್ಟಿಲ ಮೇಲೆ ಕಿವಿ ನಿಮಿರಿಸಿ ಕಾದರು. "ಮಾವಾ!" ಎಂಬ ಕರೆ ಬರಲಿಲ್ಲ. ಕರೆಯಬಾರದು, ಅವರು ಮಲಗಿರುತ್ತಾರೆ ಎಂದು ಅವಳು ಅಂದುಕೊಂಡಿದ್ದಳು. ಪರದೆ ಆರಿದಾಗ ಉಳಿದ ಮಣಿಗಳನ್ನು ನೆನಪಿನಿಂದಲೇ ಪೋಣಿಸಿದಳು. ಅದು ತಪ್ಪಿತು. ಬಿಚ್ಚಲು ಎಳೆದಳು. ಪೋಣಿಸಿದ್ದು ಇನ್ನೂ ಹಳೆಯ ದಾರದಲ್ಲೇ, ಪಟ್ಟೆಂದು ತುಂಡಾಯಿತು. ಸೂಜಿಯಲ್ಲಿದ್ದ ಮಣಿಗಳೂ ಬಟ್ಟಲಿನ ಮಣಿಗಳೂ ಚೆಲ್ಲಿ ನೆಲದ ಮೇಲೆಲ್ಲ ಓಡಿದವು.

ಆ ಸದ್ದಿಗೆ ಮಾವ ಒಳಗೆ ಬಂದಾಗ ಸೊಸೆ ಕೈಯಲ್ಲಿ ಬರೀ ದಾರ ಹಿಡಿದು ಕೂತಿದ್ದಳು. ಅವಳ ಮುಖ ನೋಡಿದ್ದೇ ತಡ, ಮಾವ ಮೇಜಿನ ಕೆಳಗೆ ನುಗ್ಗಿದರು.

"ಸೊಂಟ ನೋವಿನವರು ನುಗ್ಗಿದ ವೇಗ ನೋಡೇ" ಎಂದರು ಅತ್ತೆ, ತಾವೂ ಬಗ್ಗಿ ಮಣಿ ಹೆಕ್ಕುತ್ತ.

ಸೊಸೆ ಕಪ್ಪು ಪರದೆಯನ್ನೇ ನೋಡುತ್ತಿದ್ದಳು. "ಬೆಳಿಗ್ಗೆ ಇವರು ಸರಿ ಮಾಡಿದ್ರಲ್ಲ ಅತ್ತೆ, ಮತ್ತೆ ಹೇಗೆ ಆರಿತು?"

ಮೇಜಿನ ಕೆಳಗಿನಿಂದ ಒಂದು ದನಿ ಬಂತು. "ಅಭ್ಯಾಸ ಆಗಿರುತ್ತಮ್ಮಾ ಅದಕ್ಕೆ."

ಸೊಸೆ ಅತ್ತೆಯ ಕಡೆ ನೋಡಿದಳು. ಅತ್ತೆ ಬಾಯಿಗೆ ಕೈ ಅಡ್ಡ ಹಿಡಿದು ಗೋಡೆಯ ಕಡೆ ತಿರುಗಿದರು. ಹೊರಗೆ ಗಾಳಿ ಯಾರದೋ ಮನೆಯ ಗೇಟನ್ನು ತೆರೆದು ಮುಚ್ಚಿ ಆಡುತ್ತಿತ್ತು.

"ಮಾವ."

"ಹೂಂ."

"ಸೊಂಟ ನಿಜವಾಗ್ಲೂ ನೋಯುತ್ತಾ?"

"ಯಾರಮ್ಮಾ ಹೇಳಿದ್ದು?"

"ನೀವೇ. ದಿನಾ ಸಂಜೆ."

ಮಾವ ಒಂದು ನೀಲಿ ಮಣಿಯನ್ನು ಅಂಗೈಗೆ ಹಾಕಿಕೊಂಡು ಯೋಚಿಸಿದರು. "ಅದು… ಇಡೀ ದಿನ ಕೆಲಸ ಮಾಡಿ ಎದ್ದವನು ಸುಮ್ಮನೆ ಎದ್ದು ಹೋದ್ರೆ ಚೆನ್ನಾಗಿರುತ್ತಾ?"

ಅತ್ತೆಗೆ ತಡೆಯಲಾಗಲಿಲ್ಲ, ನಗು ಚೆಲ್ಲಿದ ಮಣಿಗಿಂತ ದೂರ ಓಡಿತು. ಸೊಸೆ ನಗಲಿಲ್ಲ. ಅಡುಗೆಮನೆಗೆ ಹೋಗಿ ತರಕಾರಿ ಬುಟ್ಟಿ ಇಳಿಸಿ, ಸ್ಟೂಲನ್ನು ತಂದು ತನ್ನ ಪಕ್ಕದಲ್ಲಿಟ್ಟಳು. ಹೊಸ ದಾರ ಕಟ್ಟಿದಳು.

"ಬೆಳಿಗ್ಗೆಯಿಂದ ಮೇಲೆ ನೋಡು, ಕೆಳಗೆ ನೋಡು, ಕುತ್ತಿಗೆ ಬಿದ್ದುಹೋಯ್ತು. ಒಂದೆರಡು ಸಾಲಿಗೇ ಸಾಕಾಯ್ತು. ನಂಗೇನು ಗೊತ್ತು, ನಿಮಗೆ ಕಷ್ಟ ಅಂದ್ಕೊಂಡೆ. ಬನ್ನಿ ಮಾವ, ಕೊಕ್ಕು ಉಳಿದಿದೆ. ಪರದೆ ಉರೀಲಿ ಆರ್ಲಿ, ನೀವು ಓದದೆ ನಾನಂತೂ ಪೋಣಿಸಲ್ಲ."

ಮಾವ ಮೇಜಿನ ಕೆಳಗಿನಿಂದ ಹೊರಗೆ ಬಂದು, ಮಂಡಿ ಕೊಡವಿಕೊಂಡು, ಹೆಕ್ಕಿದ ಮಣಿಗಳನ್ನು ಬಟ್ಟಲಿಗೆ ಸುರಿದರು. ಸ್ಟೂಲಿನ ಮೇಲೆ ಕೂತರು. ನರಳಲಿಲ್ಲ. ಕನ್ನಡಕ ಹಾಕಿಕೊಂಡು ಮೌಸ್ ಹಿಡಿದರು. ಪರದೆ ಎಚ್ಚರವಾಯಿತು, ಹಕ್ಕಿ ಬಂತು. ಆದರೆ ಅವರು ಸಾಲು ಓದಲಿಲ್ಲ.

ಸೊಸೆ ಸೂಜಿಗೆ ದಾರ ಪೋಣಿಸುತ್ತಿದ್ದಳು. ಅತ್ತೆ ಕಪಾಟಿನ ಕೆಳಗೆ ಕೈ ಚಾಚಿ ಏನನ್ನೋ ಹುಡುಕುತ್ತಿದ್ದರು. ಯಾರೂ ತಮ್ಮ ಕಡೆ ನೋಡುತ್ತಿಲ್ಲ ಎನ್ನುವುದನ್ನು ಮಾವ ಖಚಿತಪಡಿಸಿಕೊಂಡು, ನಕ್ಷೆಯನ್ನು ಒಂದು ಪಕ್ಕಕ್ಕೆ ಸರಿಸಿ, ಒಂದೊಂದೇ ಬಾಗಿಲು ತೆರೆಯುವವರಂತೆ ಮೆಲ್ಲಗೆ ಸೆಟ್ಟಿಂಗ್ಸಿನ ಒಳಕ್ಕೆ ಹೋಗಿ, ಪಟ್ಟಿಯ ಈ ತುದಿಯಿಂದ ಆ ತುದಿಗೆ ಇಳಿದು, ಮಗ ಬೆಳಿಗ್ಗೆ ಅವಳಿಗೆಂದು ಇಟ್ಟುಹೋಗಿದ್ದ ಬೆಳಕನ್ನು ಸದ್ದಿಲ್ಲದೆ ಅವಳಿಗೆ ಹಿಂದಿರುಗಿಸಿದರು.