ಪಾಳಿ ನಾಳೆ

"ಇವತ್ತ ಯಾವ ಓಣಿ ಪಾಳಿ?"

ನೀಲಗಂಗವ್ವ ಯಾರನ್ನೂ ಕೇಳಿರಲಿಲ್ಲ. ಹಿತ್ತಲಲ್ಲಿ ನೀಲಿ ಬ್ಯಾರಲ್ಲನ್ನು ಎರಡೂ ಕೈಯಿಂದ ಬಗ್ಗಿಸಿ, ಒಳಗೆ ತಲೆ ಹಾಕಿ ಅಂದಿದ್ದಳು. ಮಾತು ತಳ ಮುಟ್ಟಿ ತಿರುಗಿ ಅವಳ ಮುಖಕ್ಕೇ ಬಂತು. ತಳದಲ್ಲಿ ನಾಲ್ಕು ಬೆರಳು ನೀರಿತ್ತು. ಪಾದ ತೊಳೆಯಲು ಸಾಲಬಹುದು, ಮೈ ತೊಳೆಯಲು ಸಾಲದು.

ನಡುಮನೆಯಲ್ಲಿ ಗಂಡ ಶಿವಯೋಗಿ ಗೋಡೆಗೊರಗಿ ಕೂತಿದ್ದ. ಜೀವ ಹೋದದ್ದು ನಿನ್ನೆ ಸಂಜೆ. ಕುಲದ ಪದ್ಧತಿಯಂತೆ ಕೂಡ್ರಿಸಿ, ಎದೆಗೆ ಬಿಳಿ ಬಟ್ಟೆ ಸುತ್ತಿ ಕಿಟಕಿಯ ಸರಳಿಗೆ ಕಟ್ಟಿದ್ದರು. ಹನ್ನೊಂದಕ್ಕೆ ಅಯ್ಯನವರು ಬಂದು ಹೆಣ ಎತ್ತಿಸುತ್ತಾರೆ. ಅಷ್ಟರೊಳಗೆ ಸ್ನಾನವಾಗಿ, ಹಣೆಗೆ ವಿಭೂತಿ ಬಿದ್ದಿರಬೇಕು. ಬೆಟಗೇರಿಯ ಚೈತ್ರದ ಬಿಸಿಲು ಆಗಲೇ ಹೊಸ್ತಿಲು ದಾಟಿ ಒಳಗೆ ಬಂದಿತ್ತು. ನಾಳೆಯ ತನಕ ಇಡುವ ಮಾತೇ ಇರಲಿಲ್ಲ.

ಮಂದಿ ಅಂದರೆ ಮೂವರು. ಬೆಳ್ಳಟ್ಟಿಯಿಂದ ಬಂದ ಮೈದುನ ಕೊಟ್ರಪ್ಪ, ಅವನ ಹೆಂಡತಿ, ಮತ್ತು ಪಕ್ಕದ ನೇಕಾರ ಓಣಿಯ ಗೌಸಬಿ. ಕೊಟ್ರಪ್ಪ ಅಣ್ಣನ ಎಡ ಅಂಗೈಯಲ್ಲಿ ಲಿಂಗ ಇಡಲು ಹೆಣಗುತ್ತಿದ್ದ. ಆ ಮೊಣಕೈ ಎಂದೋ ಮುರಿದು ಸೊಟ್ಟಗೆ ಕೂಡಿಕೊಂಡದ್ದು, ಅಂಗೈ ಮೇಲಾಗದು. ಲಿಂಗ ಎರಡು ಸಲ ತೊಡೆಯ ಮೇಲೆ ಜಾರಿತು.

"ಸತ್ತರೂ ಅಣ್ಣ ಕೈ ಚಾಚವಲ್ಲ ನೋಡ ವೈನಿ," ಅಂದ ಕೊಟ್ರಪ್ಪ. ನಗಬೇಕೆಂದಿದ್ದ, ಆಗಲಿಲ್ಲ.

ಗೌಸಬಿ ಎದ್ದಳು. "ಹೊಂಟೆ ಬೇ ಯಕ್ಕಾ. ನಮ್ಮ ಓಣಿ ಪಾಳಿ ಇವತ್ತ. ಏರಿ ಮ್ಯಾಲ ಕಡೀ ಮನಿ ನಮ್ಮದು, ನೀರ ಹತ್ತಕ್ಕ ಏರತಾವೋ ಹನ್ನೆರಡಕ್ಕೋ. ತಪ್ಪಿದರ ಮತ್ತ ಹದಿನೈದ ದಿನ."

"ಹೋಗವಾ."

"ಓಣ್ಯಾಗ ಎಲ್ಲಾರೂ ಬರಬೇಕಂತಾರ. ನಳ ಬಿಟ್ಟು ಹೆಂಗ ಏಳತಾರ? ಸಾಹೇಬ್ರು ಬರೂಕಿಂತ ಮದ್ಲ ನಮ್ಮ ನಳದಾಗ ಜ್ಯಾಡ ಬಲಿ ಕಟ್ಟಿತ್ತು. ಅವರಽ ಹಚ್ಚಿದ್ದು ಪಾಳಿ." ಸೆರಗಿನಿಂದ ಕಣ್ಣೊರೆಸಿಕೊಂಡು, ಸತ್ತವನ ಕಡೆ ಒಮ್ಮೆ ತಲೆಬಾಗಿ, ಜಲ್ದಿ ಜಲ್ದಿ ಹೋದಳು.

❖

ಒಂಬತ್ತು ವರ್ಷದ ಹಿಂದೆ ಶಿವಯೋಗಿ ಈ ಊರಿನ ನೀರಿನ ಕಚೇರಿಗೆ ಸಾಹೇಬನಾಗಿ ಬಂದಾಗ, ಹೊಳೆ ನೀರು ಕೊಳವೆಯಲ್ಲಿ ಬರುತ್ತಿತ್ತು, ನಳದಲ್ಲಿ ಬರುತ್ತಿರಲಿಲ್ಲ. ಟ್ಯಾಂಕರ್ ಮಹಾದೇವನ ಹುಡುಗರು ವಾಲ್ ತಿರುವುವವರಿಗೆ ಚಹಾಕ್ಕೆ ಕೊಡುತ್ತಿದ್ದರು. ವಾಲ್ ಅರ್ಧವೇ ತೆರೆಯುತ್ತಿತ್ತು. ಉಳಿದರ್ಧ ಟ್ಯಾಂಕರಿನಲ್ಲಿ ಬಂದು ಮನೆಮನೆಗೆ ಮಾರಾಟವಾಗುತ್ತಿತ್ತು. ಶಿವಯೋಗಿ ವಾಲ್ ತಿರುವುವ ಕೀಲಿಗಳನ್ನೆಲ್ಲ ತರಿಸಿ, ಒಂದು ವಾಲ್ ಗುಂಡಿಗೆ ಒಂದೇ ಕೀಲಿ, ಒಂದು ಕೀಲಿಗೆ ಒಬ್ಬನೇ ಆಳು ಎಂದು ಹಂಚಿದ. ಯಾವ ಓಣಿಗೆ ಯಾವ ದಿನ ಎಂಬುದನ್ನು ಗೋಡೆಗೋಡೆಗೆ ಬಣ್ಣದಲ್ಲಿ ಬರೆಸಿದ. ತಾನು ಬಾಡಿಗೆಗಿದ್ದ ಓಣಿಯನ್ನು ಎಲ್ಲಕ್ಕಿಂತ ಕೊನೆಗೆ ಬರೆಸಿದ. ನಳಕ್ಕೆ ಕದ್ದು ಮೋಟರು ಹಚ್ಚಿದವರ ಮೋಟರು ಕೀಳಿಸಿದ. ಅದರಲ್ಲಿ ಎದುರುಮನೆಯವರದೂ ಇತ್ತು, ಕೊಟ್ರಪ್ಪನ ಬೀಗರದೂ ಇತ್ತು.

ಎರಡನೆಯ ವರ್ಷ ಕೆರೆ ದಂಡೆಯ ರಸ್ತೆಯಲ್ಲಿ ನಾಲ್ವರು ಅವನನ್ನು ಕಬ್ಬಿಣದ ಪೈಪಿನಿಂದ ಬಡಿದರು. ಎಡ ಮೊಣಕೈ ಮುರಿದದ್ದು ಆಗಲೇ. ನೋಡಿದ್ದೇವೆ ಅಂದವರು ಕೋರ್ಟಿನ ಕಟ್ಟೆ ಹತ್ತುವ ಹೊತ್ತಿಗೆ ಒಬ್ಬೊಬ್ಬರಾಗಿ ಮರೆತರು. ಅಲ್ಲಿಂದ ಮುಂದೆ ಈ ಮನೆಗೆ ಮದುವೆಯ ಕರೆಯೋಲೆ ಬರಲಿಲ್ಲ, ತೊಟ್ಟಿಲಿಗೆ ಕರೆ ಬರಲಿಲ್ಲ. ನೀಲಗಂಗವ್ವ ಪಂಚಮಿಯ ಉಂಡಿ ಕಟ್ಟಿದರೆ ಬೀರುವುದಕ್ಕೆ ಮನೆ ಹುಡುಕಬೇಕಾಗುತ್ತಿತ್ತು.

❖

"ವೈನಿ, ಟ್ಯಾಂಕರ್ ಬಂದ ನಿಂತೈತಿ," ಅಂದ ಕೊಟ್ರಪ್ಪ. "ಮಹಾದೇವಪ್ಪ ಕಳಿಸ್ಯಾನ. ರೊಕ್ಕ ಬ್ಯಾಡಂತ. ಸಾಹೇಬ್ರಿಗೆ ಅಂತ ಹೇಳಿ ಕಳಿಸ್ಯಾನ."

"ಹೋಗಂತ ಹೇಳು."

"ಮೈ ತೊಳಿಯೂದು ಬ್ಯಾಡೇನು? ನೀರಿಗೇನ ಹೆಸರ ಬರದಿರತೈತಿ?"

"ನೀರಿಗಿಲ್ಲ. ಟ್ಯಾಂಕರಿಗೆ ಬರದೈತಿ."

ಕೊಟ್ರಪ್ಪ ಖಾಲಿ ಕೊಡ ಎತ್ತಿಕೊಂಡ. "ನೇಕಾರ ಓಣ್ಯಾಗರ ಎರಡ ಕೊಡ ಬೇಡಿ ತರ್ಲೇನು?"

"ಹದಿನೈದ ದಿನಕ್ಕೊಮ್ಮೆ ಬರೂ ನೀರ. ಯಾರ ಮಾರಿ ನೋಡಿ ಬೇಡತಿ?"

ಕೊಂಡದ್ದಲ್ಲ, ಬೇಡಿದ್ದಲ್ಲ, ತನ್ನ ಮನೆಯ ನಳಕ್ಕೆ ಬಂದ ನೀರು ಗಂಡನ ನೆತ್ತಿಯ ಮೇಲೆ ಬೀಳಬೇಕು. ಅವಳಿಗೆ ಬೇಕಾದದ್ದು ಅಷ್ಟೇ. ಪಾಳಿ ನಾಳೆ ಇತ್ತು.

ಅವಳು ಚಪ್ಪಲಿ ಮೆಟ್ಟದೆ ಹೊರಬಿದ್ದಳು. ಓಣಿಯ ತಿರುವಿನಲ್ಲಿ ವಾಲ್ ಗುಂಡಿ. ಅದರ ಪಕ್ಕದಲ್ಲಿ ವಾಲ್ ತಿರುವುವ ಯಂಕಪ್ಪ.

❖

ಆರು ವರ್ಷದ ಹಿಂದೆಯೂ ಅವಳು ಇದೇ ಗುಂಡಿಯ ಹತ್ತಿರ ಬಂದಿದ್ದಳು. ತವರಿನಿಂದ ಹನ್ನೆರಡು ಮಂದಿ ಬಂದು ಕೂತಿದ್ದರು, ಮನೆಯಲ್ಲಿ ಕುಡಿಯಲು ನೀರಿರಲಿಲ್ಲ. "ಹತ್ತ ನಿಮಿಷ ಬಿಡೋ ಯಂಕಪ್ಪ" ಅಂದಿದ್ದಳು. ಅವನು ಬಿಟ್ಟ.

ಸಂಜೆ ಶಿವಯೋಗಿ ತುಂಬಿದ ಬ್ಯಾರಲ್ ನೋಡಿದ. ಹೆಂಡತಿಯನ್ನು ಏನೂ ಕೇಳಲಿಲ್ಲ. ಯಂಕಪ್ಪನನ್ನು ಕರೆಸಿದ.

"ಯಾರ ಹೇಳಿದರು?"

"ಯಾರೂ ಇಲ್ಲರಿ. ಸಾಹೇಬ್ರ ಮನಿ ಅಂತ ನಾನಽ ಬಿಟ್ಟೆ."

"ಇವತ್ತ ನನಗ ಬಿಟ್ಟಿ. ನಾಳೆ ಮಹಾದೇವ ಬಂದು ಕೇಳಿದರ ಯಾವ ಬಾಯಿಲೆ ಇಲ್ಲ ಅಂತಿ?"

ಒಂದು ತಿಂಗಳು ಯಂಕಪ್ಪನನ್ನು ಕೆಲಸದಿಂದ ಹೊರಗಿಟ್ಟ. ಆ ನೀರನ್ನು ಸರಿಯಿದ್ದ ಬಲಗೈಯಲ್ಲಿ ಕೊಡಕೊಡವಾಗಿ ಹೊತ್ತು ಗೌಸಬಿಯ ಓಣಿಯ ತುದಿಮನೆಗಳ ಕೊಡಗಳಿಗೆ ಸುರಿದು ಬಂದ. ನೀಲಗಂಗವ್ವ ಬಾಗಿಲ ಹಿಂದೆ ಚಹಾದ ಕಪ್ಪು ಹಿಡಿದು ನಿಂತೇ ಇದ್ದಳು. ನಾನು ಕೇಳಿದ್ದೆ ಅನ್ನುವ ಮಾತು ಅಂದು ಬಾಯಿಗೆ ಬರಲಿಲ್ಲ. ಆಮೇಲೆ ಬಂದರೂ ಆಡಲಿಲ್ಲ.

❖

ಅವಳನ್ನು ಕಂಡು ಯಂಕಪ್ಪ ಎದ್ದು ನಿಂತ. ಆಳುದ್ದದ ಕಬ್ಬಿಣದ ಕೀಲಿ ಕೈಯಲ್ಲಿತ್ತು. ಚಪ್ಪಲಿ ಆಗಲೇ ಕಳಚಿ ಗೋಡೆಯ ಬದಿಗೆ ಇಟ್ಟಿದ್ದ. ಗುಂಡಿ ಬಿಟ್ಟು ಬರಲಾಗದವನು ಇಲ್ಲಿಂದಲೇ ಸತ್ತವನ ಮುಂದೆ ನಿಂತಂತಿದ್ದ.

"ಹನ್ನೆರಡಾದ ಮ್ಯಾಲ ಬರಬೇಕಂದಿದ್ದೆ ಅವ್ವಾರ. ನೇಕಾರ ಓಣಿ ಏರಿ ಮ್ಯಾಲ ಇನ್ನೂ ನೀರ ಮುಟ್ಟಿಲ್ಲ."

"ಹನ್ನೊಂದಕ್ಕ ಎತ್ತತಾರ."

ಅವನು ತಲೆ ಕೆಳಗೆ ಹಾಕಿದ. ಕಾಲಡಿ ನೆಲದೊಳಗೆ ನೀರು ಹರಿಯುವ ಗುಂಯ್ ಸದ್ದು ಕೇಳುತ್ತಿತ್ತು.

"ಮೈ ತೊಳಿಯಾಕ ನೀರಿಲ್ಲ ಯಂಕಪ್ಪ. ಹತ್ತ ನಿಮಿಷ ಬಿಡು."

"ಆ ಸಲಾನೂ ಹತ್ತ ನಿಮಿಷ ಅಂದಿದ್ರಿ."

"ಅಂದಿದ್ದೆ. ನಿನ್ನ ತಿಂಗಳ ಪಗಾರ ಹೋತು, ನಾ ಬಾಯಿ ಬಿಡಲಿಲ್ಲ. ಆ ತಪ್ಪು ನಂದು." ಆರು ವರ್ಷದ ಮಾತು ಇಷ್ಟು ಸಣ್ಣದಾಗಿ ಮುಗಿಯಿತು. "ಇವತ್ತ ಕೇಳವರು ಯಾರದಾರ?"

ಯಂಕಪ್ಪ ತಲೆ ಎತ್ತಿದ. ಅವಳ ಹೆಗಲ ಮೇಲಿಂದ ಓಣಿಯ ಕಡೆ ನೋಡಿದ. ಅಲ್ಲಿ ಮಹಾದೇವನ ಟ್ಯಾಂಕರ್ ಹನಿಹನಿ ಸೋರುತ್ತ ನಿಂತಿತ್ತು. ಅದರ ಡ್ರೈವರ್ ಬಾಗಿಲಿಗೊರಗಿ, ಗುಟಕಾ ಅಗಿಯುತ್ತ, ಇವರಿಬ್ಬರನ್ನೇ ನೋಡುತ್ತಿದ್ದ.

"ಒಂದ ಕೊಡ ಸಾಕೋ, ಯಪ್ಪಾ."

ಯಂಕಪ್ಪ ಬಗ್ಗಿ, ಇವರ ಓಣಿಯ ವಾಲಿನ ಮೇಲೆ ಕಬ್ಬಿಣದ ಮುಚ್ಚಳ ಎಳೆದ. ಅದರ ಮೇಲೆ ತಾನೇ ಕೂತ. ಕೀಲಿಯನ್ನು ಎದೆಗೆ ಆನಿಸಿಕೊಂಡು, ಬೆನ್ನು ನೆಟ್ಟಗೆ ಮಾಡಿ, ನಡುಮನೆಯಲ್ಲಿ ಶಿವಯೋಗಿ ಕೂತಿದ್ದ ಹಾಗೆಯೇ ಕೂತ.

"ಬಿಡೂದಿಲ್ಲರಿ, ಅವ್ವಾರ," ಅಂದ.